‘ಆಗಿದ್ದರೆ’ ಎಂಬ ಪ್ರಶ್ನೆ ಮತ್ತು ಸಾಮ್ರಾಜ್ಯಗಳ ಅಳಿವು–ಉಳಿವು: ರೋಮ್‌ನ ನಿದರ್ಶನ

1

ನಡೆಯದೆ ಹೋದದ್ದನ್ನು ಹೇಳುವುದಕ್ಕೆಂದೇ ಸಂಸ್ಕೃತ ವ್ಯಾಕರಣವು ಒಂದು ಪ್ರತ್ಯೇಕ ಲಕಾರವನ್ನು ಇರಿಸಿಕೊಂಡಿದೆ. ಪಾಣಿನಿ ಅದಕ್ಕೆ ‘ಲೃಙ್’ ಎಂಬ ಸಂಜ್ಞೆಯನ್ನು ಕೊಟ್ಟು, ‘ಕ್ರಿಯಾತಿಪತ್ತಿ’ಯಲ್ಲಿ, ಎಂದರೆ ಕ್ರಿಯೆಯು ಘಟಿಸದೆ ಹೋದ ಸಂದರ್ಭದಲ್ಲಿ, ಅದನ್ನು ವಿಧಿಸಿದ್ದಾನೆ. ಮೊದಲು ಭವಿಷ್ಯತ್ತಿಗೆ ಅನ್ವಯಿಸಿ, ಮರುಸೂತ್ರದಲ್ಲಿಯೇ ಅದನ್ನು ಭೂತಕ್ಕೂ ವಿಸ್ತರಿಸಿದ್ದಾನೆ. ಮಳೆ ಮತ್ತು ಸುಭಿಕ್ಷಗಳ ಸಂಬಂಧವನ್ನು ಹೇಳುವ ವಾಕ್ಯ ಇದಕ್ಕೆ ಪಾಠಶಾಲೆಗಳಲ್ಲಿ ರೂಢಿಯಾಗಿರುವ ಉದಾಹರಣೆ. ಆದರೆ ಕ್ರಿಯೆ ನಡೆಯಲಿಲ್ಲ ಎಂದಷ್ಟಕ್ಕೇ ಲೃಙ್ ಬರುವುದಿಲ್ಲ. ಲಿಙ್ ಲಕಾರಕ್ಕೆ ನಿಮಿತ್ತವಾಗುವ ಸಂಬಂಧವೂ ಅಲ್ಲಿರಬೇಕು. ಆ ಸಂಬಂಧಗಳಲ್ಲಿ ಮುಖ್ಯವಾದುದು ಹೇತುಹೇತುಮದ್ಭಾವ. ಮಳೆಯೇ ಸುಭಿಕ್ಷಕ್ಕೆ ಹೇತುವೆಂಬುದು ಒಪ್ಪಿತವಾಗಿದ್ದಾಗ ಮಾತ್ರ, ಮಳೆ ಬಂದಿದ್ದರೆ ಏನಾಗುತ್ತಿತ್ತು ಎಂಬ ಮಾತಿಗೆ ಅರ್ಥ ಬರುತ್ತದೆ.

ಕನ್ನಡದಲ್ಲಿ ಇಂತಹ ಪ್ರತ್ಯೇಕ ಲಕಾರವಿಲ್ಲ. ‘ಬಂದಿದ್ದರೆ… ಆಗುತ್ತಿತ್ತು’ ಎಂಬ ಸಂಯುಕ್ತ ರಚನೆಯೇ ಆ ಕಾರ್ಯವನ್ನು ನಿರ್ವಹಿಸುತ್ತದೆ. ಈ ರಚನೆ ಸುಲಭವಾಗಿ ಕೈಗೆ ಸಿಗುತ್ತದೆ ಎಂಬುದೇ ಚರಿತ್ರೆಯ ಬರಹದಲ್ಲಿ ತೊಡಕನ್ನು ಉಂಟುಮಾಡಿದೆ. ‘ರೋಮ್ ಅಳಿಯದೆ ಇದ್ದಿದ್ದರೆ’, ‘ಅಲೆಕ್ಸಾಂಡರ್ ಇನ್ನೂ ಬದುಕಿದ್ದಿದ್ದರೆ’ ಎಂಬ ವಾಕ್ಯಗಳು ವ್ಯಾಕರಣದ ದೃಷ್ಟಿಯಿಂದ ಪೂರ್ಣವಾಗಿವೆ. ಅವುಗಳಲ್ಲಿ ಹೇತು ಯಾವುದು, ಅದು ಪರೀಕ್ಷೆಗೆ ನಿಲ್ಲುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಇ.ಎಚ್. ಕಾರ್ ಅವರು 1961ರಲ್ಲಿ ಈ ಬಗೆಯ ಊಹೆಗಳನ್ನು ಹೊತ್ತು ಕಳೆಯುವ ಆಟವೆಂದು ತಳ್ಳಿಹಾಕಿದರು. ಅದಕ್ಕೂ ಮುಂಚೆ, 1906ರಲ್ಲಿ, ಮ್ಯಾಕ್ಸ್ ವೇಬರ್ ಅವರು ಇದಕ್ಕೆ ತೀರ ವಿರುದ್ಧವಾದ ನಿಲುವನ್ನು ಮಂಡಿಸಿದ್ದರು. ಕ್ರಿ.ಪೂ. 490ರ ಮ್ಯಾರಥಾನ್ ಕಾಳಗ ಮಹತ್ವದ್ದು ಎಂದು ಚರಿತ್ರಕಾರನು ಹೇಳುವಾಗಲೇ, ಅಲ್ಲಿ ಪರ್ಷಿಯನ್ನರು ಗೆದ್ದಿದ್ದರೆ ಗ್ರೀಸಿನ ಗತಿ ಬೇರೆಯಾಗುತ್ತಿತ್ತು ಎಂಬ ಊಹೆಯನ್ನು ಅವನು ಒಳಗೊಳಗೇ ಮಾಡಿಕೊಂಡಿರುತ್ತಾನೆ ಎಂಬುದು ವೇಬರ್ ಅವರ ವಾದ. ಕಾರಣವನ್ನು ಹೇಳುವ ಪ್ರತಿಯೊಂದು ವಾಕ್ಯದ ಬೆನ್ನಿಗೂ ಒಂದು ‘ಆಗಿದ್ದರೆ’ ಅಂಟಿಕೊಂಡಿದೆ. ಆದುದರಿಂದ ಈ ಊಹೆ ಬೇಕೇ ಬೇಡವೇ ಎಂಬ ಚರ್ಚೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಅದನ್ನು ಪರೀಕ್ಷಿಸುವ ಬಗೆ ಯಾವುದು ಎಂಬುದು ಮುಖ್ಯ. ಊಹೆಯಲ್ಲಿ ಕೇಳಿದ್ದಕ್ಕೆ ಹತ್ತಿರವಾದ ಪ್ರಯೋಗವೊಂದನ್ನು ಚರಿತ್ರೆಯೇ ತಡವಾಗಿ, ಬೇರೆ ಪಾತ್ರಧಾರಿಗಳೊಡನೆ, ನಡೆಸಿದೆಯೇ ಎಂದು ಹುಡುಕುವುದು ಅಂತಹ ಒಂದು ಬಗೆ. ರೋಮ್‌ನ ವಿಷಯದಲ್ಲಿ ಈ ಹುಡುಕಾಟ ಆಶ್ಚರ್ಯವೆನಿಸುವಷ್ಟು ಫಲ ಕೊಡುತ್ತದೆ.

2

ಸಾಮ್ರಾಜ್ಯವೊಂದರ ಅಳಿವು–ಉಳಿವಿನ ಬಗೆಗೆ ದೊರೆಯುವ ಪ್ರಾಚೀನ ಊಹಾತ್ಮಕ ಬರಹಗಳಲ್ಲಿ ಲಿವಿಯದು ಪ್ರಸಿದ್ಧವಾದುದು. ರೋಮ್ ನಗರದ ಸ್ಥಾಪನೆಯಿಂದ ತನ್ನ ಕಾಲದವರೆಗಿನ ಚರಿತ್ರೆಯನ್ನು ಆತ 142 ಸಂಪುಟಗಳಲ್ಲಿ ಬರೆದ. ಇಂದು ಉಳಿದಿರುವುದು 35. ಒಂಬತ್ತನೆಯ ಸಂಪುಟದ ನಡುವೆ ಕಥನವನ್ನು ನಿಲ್ಲಿಸಿ, ಅಲೆಕ್ಸಾಂಡರನು ಪೂರ್ವವನ್ನು ಗೆದ್ದ ಮೇಲೆ ಇಟಲಿಯ ಕಡೆಗೆ ತಿರುಗಿದ್ದರೆ ರೋಮ್ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾನೆ. ಅವನ ಉತ್ತರ ನಿಸ್ಸಂದಿಗ್ಧ: ರೋಮ್ ಗೆಲ್ಲುತ್ತಿತ್ತು. ಅಲೆಕ್ಸಾಂಡರ್ ಒಬ್ಬನೇ, ರೋಮ್‌ನಲ್ಲಿ ಅವನಿಗೆ ಸಮನಾದ ದಂಡನಾಯಕರು ವರ್ಷ ವರ್ಷವೂ ಬದಲಾಗುತ್ತ ಬರುತ್ತಿದ್ದರು. ಅವನು ಕಿರಿಯ ವಯಸ್ಸಿನಲ್ಲಿಯೇ ತೀರಿಕೊಂಡದ್ದರಿಂದ ಅದೃಷ್ಟ ತಿರುಗುವುದನ್ನು ಕಾಣಲಿಲ್ಲ. ಮ್ಯಾಸಿಡೋನಿಯದ ವ್ಯೂಹ ಅಲುಗಾಡದ ಒಂದೇ ಇಡುಗಟ್ಟು. ರೋಮ್‌ನ ಸೇನಾಪಂಕ್ತಿ ಬೇಕಾದಂತೆ ಒಡೆದು ಕೂಡಿಸಬಹುದಾದದ್ದು. ಇವೆಲ್ಲಕ್ಕಿಂತ ತೂಕವಾದ ವಾದವೆಂದರೆ ಜನಬಲದ್ದು. ಆ ಕಾಲದ ಗಣತಿಗಳಲ್ಲಿ 2,50,000 ಪ್ರಜೆಗಳು ಲೆಕ್ಕಕ್ಕೆ ಸಿಗುತ್ತಿದ್ದರೆಂದು ಅವನು ಹೇಳುತ್ತಾನೆ. ಒಂದು ಸೇನೆ ನಾಶವಾದರೆ ಇನ್ನೊಂದನ್ನು ಕಟ್ಟಬಲ್ಲ ರಾಜ್ಯವನ್ನು ಒಂದೇ ಸೇನೆಯ ಒಡೆಯನು ಸೋಲಿಸಲಾರ ಎಂಬುದು ಇದರ ತಾತ್ಪರ್ಯ.

ಲಿವಿ ಬರೆಯುತ್ತಿದ್ದುದು ಆಗಸ್ಟಸ್‌ನ ಆಳ್ವಿಕೆಯಲ್ಲಿ. ರೋಮ್‌ನ ಅಧಿಕಾರವೆಲ್ಲ ಒಬ್ಬನ ಕೈಗೆ ಸೇರಿದ ಕಾಲದಲ್ಲಿ, ಒಬ್ಬನಿಗಿಂತ ಹಲವರು ಮೇಲು ಎಂಬ ವಾದವನ್ನು ಅವನು ಸತ್ತುಹೋದ ಅಲೆಕ್ಸಾಂಡರನ ನೆಪದಲ್ಲಿ ಮಂಡಿಸಿದ್ದಾನೆ. ಇದು ಉದ್ದೇಶಪೂರ್ವಕವೋ ಅಲ್ಲವೋ ಎಂಬುದನ್ನು ತೀರ್ಮಾನಿಸಲಾಗದು. ಆದರೆ ಊಹಾತ್ಮಕ ಚರಿತ್ರೆ ತಾನು ಬರೆಯಲ್ಪಟ್ಟ ಕಾಲವನ್ನು ಕುರಿತು ಹೆಚ್ಚು ಹೇಳುತ್ತದೆ ಎಂಬ ಮಾತಿಗೆ ಇದಕ್ಕಿಂತ ಹಳೆಯ ಸಾಕ್ಷ್ಯ ಸಿಗುವುದು ಕಷ್ಟ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಈ ಒಂಬತ್ತನೆಯ ಸಂಪುಟ ಆರಂಭವಾಗುವುದೇ ಕ್ರಿ.ಪೂ. 321ರ ಕಾಡೈನ್ ಕಣಿವೆಯ ಪ್ರಕರಣದಿಂದ. ಅಲೆಕ್ಸಾಂಡರ್ ಬ್ಯಾಬಿಲೋನಿನಲ್ಲಿ ತೀರಿಕೊಂಡ ಎರಡೇ ವರ್ಷಗಳಲ್ಲಿ ರೋಮ್‌ನ ಸೇನೆ ನೆರೆಯ ಸ್ಯಾಮ್ನೈಟರ ಕೈಗೆ ಸಿಕ್ಕಿ, ಆಯುಧಗಳನ್ನು ಒಪ್ಪಿಸಿ, ಈಟಿಗಳಿಂದ ಕಟ್ಟಿದ ನೊಗದ ಕೆಳಗೆ ಬಾಗಿ ನಡೆದಿತ್ತು. ಅಲೆಕ್ಸಾಂಡರನನ್ನು ಸೋಲಿಸಬಹುದಾಗಿದ್ದ ರೋಮ್ ಯಾವುದು ಎಂಬ ಪ್ರಶ್ನೆಯನ್ನು ಲಿವಿಯ ಸಂಪುಟವೇ ಅವನಿಗೆ ಕೇಳುವಂತಿದೆ.

ಈ ಊಹೆಗೆ ಚರಿತ್ರೆ ಕೊಟ್ಟ ತಡವಾದ ಪ್ರಯೋಗ ಪಿರ್ರಸ್‌ನದು. ಎಪೈರಸ್‌ನ ಈ ಅರಸು ಅಲೆಕ್ಸಾಂಡರನ ತಾಯಿಯ ವಂಶಕ್ಕೆ ಸೇರಿದವನು. ಅಲೆಕ್ಸಾಂಡರನ ಉತ್ತರಾಧಿಕಾರಿಗಳ ಯುದ್ಧಗಳಲ್ಲಿ ಪಳಗಿದವನು. ಕ್ರಿ.ಪೂ. 280ರಲ್ಲಿ ಸುಮಾರು 25,000 ಸೈನಿಕರು ಮತ್ತು 20 ಆನೆಗಳೊಡನೆ ಇಟಲಿಗೆ ಬಂದು, ಹೆರಾಕ್ಲಿಯದಲ್ಲಿಯೂ ಮರುವರ್ಷ ಆಸ್ಕುಲಂನಲ್ಲಿಯೂ ಗೆದ್ದ. ಗೆದ್ದೂ ಸೊರಗಿದ. ಕ್ರಿ.ಪೂ. 275ರಲ್ಲಿ ಇಟಲಿಯನ್ನು ಬಿಟ್ಟು ಹೋಗುವಾಗ ಅವನ ಹಳೆಯ ಸೈನಿಕರ ಬಹುಭಾಗ ಉಳಿದಿರಲಿಲ್ಲ. ರೋಮ್ ಮಾತ್ರ ಹೊಸ ಪಡೆಗಳನ್ನು ಎತ್ತಿ ನಿಲ್ಲಿಸುತ್ತಲೇ ಇತ್ತು. ಜನಬಲವನ್ನು ಕುರಿತ ಲಿವಿಯ ಹೇತು ಇಲ್ಲಿ ಸಮರ್ಥನೆ ಪಡೆಯುತ್ತದೆ. ಹಾಗೆಂದು ಅವನ ತೀರ್ಮಾನವನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಪಿರ್ರಸ್ ಎದುರಿಸಿದ್ದು ಕ್ರಿ.ಪೂ. 290ರ ಹೊತ್ತಿಗೆ ಸ್ಯಾಮ್ನೈಟರನ್ನು ಮಣಿಸಿ ಇಟಲಿಯ ಬಹುಭಾಗವನ್ನು ಮೈತ್ರಿಗಳ ಜಾಲಕ್ಕೆ ತಂದುಕೊಂಡಿದ್ದ ರೋಮ್ ಅನ್ನು. ಕ್ರಿ.ಪೂ. 323ರಲ್ಲಿ ಆ ಜಾಲ ಇನ್ನೂ ನೇಯಲ್ಪಡುತ್ತಿತ್ತು. ಹೇತು ಸರಿ, ಕಾಲ ತಪ್ಪು ಎನ್ನಬೇಕಾಗುತ್ತದೆ.

3

ಇದೇ ಪ್ರಶ್ನೆಯನ್ನು ಮಗುಚಿ ಹಾಕಿದವರು ಆರ್ನಾಲ್ಡ್ ಟಾಯ್ನ್‌ಬಿ. 1969ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ಅಲೆಕ್ಸಾಂಡರನನ್ನು ಕಾಯಿಲೆಯಿಂದ ಗುಣಪಡಿಸಿ, ಅವನ ವಂಶ ಇಡೀ ಜಗತ್ತನ್ನು ಇಂದಿನವರೆಗೂ ಆಳುತ್ತಿರುವಂತೆ ಚಿತ್ರಿಸಿದ್ದಾರೆ. ಓದಲು ಸೊಗಸಾದ ಬರಹ. ಆದರೆ ಒಂದು ಜ್ವರ ಇಳಿದದ್ದರಿಂದ ಇಪ್ಪತ್ಮೂರು ಶತಮಾನಗಳ ಶಾಂತಿ ಹೇಗೆ ಹುಟ್ಟೀತು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.

ಫ್ರೆಂಚ್ ತತ್ತ್ವಜ್ಞ ಶಾರ್ಲ್ ರೆನೂವಿಯೆ ಅವರ ಪ್ರಯತ್ನ ಇದಕ್ಕಿಂತ ಗಟ್ಟಿಯಾದುದು. 1876ರಲ್ಲಿ ಗ್ರಂಥರೂಪದಲ್ಲಿ ಬಂದ ‘ಯುಕ್ರೊನಿ’ಯ ಹೆಸರೇ ಇಂದು ಯುರೋಪಿನ ಹಲವು ಭಾಷೆಗಳಲ್ಲಿ ಪರ್ಯಾಯ ಚರಿತ್ರೆಗೆ ಪರಿಭಾಷೆಯಾಗಿದೆ. ‘ಯುಟೋಪಿಯ’ ಎಂದರೆ ಇಲ್ಲದ ಸ್ಥಳವಾದರೆ ಇದು ಇಲ್ಲದ ಕಾಲ. ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ತನ್ನ ಮಗ ಕೊಮೋಡಸ್‌ನನ್ನು ಬದಿಗಿಟ್ಟು, ಸೇನಾನಿ ಅವಿಡಿಯಸ್ ಕ್ಯಾಸಿಯಸ್‌ನನ್ನು ಉತ್ತರಾಧಿಕಾರಿಯಾಗಿ ಆರಿಸಿಕೊಂಡಿದ್ದರೆ ಎಂಬುದು ಅದರ ಬೀಜ. ಅಲ್ಲಿಂದ ಸುಧಾರಣೆಗಳು ಸಾಗುತ್ತವೆ. ಕ್ರೈಸ್ತಧರ್ಮ ಪೂರ್ವದ ಪ್ರಾಂತಗಳಿಗೆ ಸೀಮಿತವಾಗುತ್ತದೆ. ಪಶ್ಚಿಮ ಯುರೋಪು ವಿಚಾರಸ್ವಾತಂತ್ರ್ಯದ ನೆಲೆಯಾಗುತ್ತದೆ. ವಾಸ್ತವದಲ್ಲಿ ಕ್ಯಾಸಿಯಸ್ 175ರಲ್ಲಿ ಚಕ್ರವರ್ತಿ ಸತ್ತನೆಂಬ ಸುಳ್ಳುಸುದ್ದಿಯನ್ನು ನಂಬಿ ಬಂಡೆದ್ದು, ಕೆಲವೇ ತಿಂಗಳಲ್ಲಿ ತನ್ನವರಿಂದಲೇ ಹತನಾದ. 180ರಲ್ಲಿ ಕೊಮೋಡಸ್ ಪಟ್ಟಕ್ಕೆ ಬಂದ.

ರೆನೂವಿಯೆ ಅವರ ಹೇತು ಸ್ಪಷ್ಟವಾಗಿದೆ: ಹುಟ್ಟಿನಿಂದಲ್ಲದೆ ಯೋಗ್ಯತೆಯಿಂದ ಉತ್ತರಾಧಿಕಾರಿಯನ್ನು ಆರಿಸಿದ್ದರೆ ಸಾಮ್ರಾಜ್ಯ ಕುಸಿಯುತ್ತಿರಲಿಲ್ಲ. ಈ ಪ್ರಯೋಗವೂ ನಡೆದಿದೆ. ಡಯೋಕ್ಲೀಷಿಯನ್ 293ರಲ್ಲಿ ನಾಲ್ವರು ಆಳುವ ವ್ಯವಸ್ಥೆಯನ್ನು ರೂಪಿಸಿ, ಹಿರಿಯರಿಬ್ಬರ ಸ್ಥಾನಕ್ಕೆ ಕಿರಿಯರಿಬ್ಬರು ಏರುವಂತೆ ಏರ್ಪಡಿಸಿದ. 305ರಲ್ಲಿ ತಾನೂ ತನ್ನ ಸಹ-ಚಕ್ರವರ್ತಿಯೂ ಅಧಿಕಾರವನ್ನು ಬಿಟ್ಟುಕೊಟ್ಟದ್ದಲ್ಲದೆ, ಹೊಸ ಆಯ್ಕೆಗಳಲ್ಲಿ ಚಕ್ರವರ್ತಿಗಳ ಮಕ್ಕಳನ್ನು ಹೊರಗಿಡಲಾಯಿತು. ಮರುವರ್ಷವೇ ಬ್ರಿಟನ್ನಿನ ಸೇನೆ ಕಾನ್‌ಸ್ಟಂಟೈನ್‌ನನ್ನೂ, ರೋಮ್‌ನ ಕಾವಲುಪಡೆ ಮ್ಯಾಕ್ಸೆಂಟಿಯಸ್‌ನನ್ನೂ ಎತ್ತಿ ಹಿಡಿದವು. ಇಬ್ಬರೂ ಹಾಗೆ ಹೊರಗಿಡಲ್ಪಟ್ಟ ಮಕ್ಕಳು. ಸೈನಿಕರು ಸತ್ತ ಒಡೆಯನ ಮೇಲಿನ ನಿಷ್ಠೆಯನ್ನು ಅವನ ಮಗನಿಗೆ ವರ್ಗಾಯಿಸುತ್ತಿದ್ದರು. ಅದನ್ನು ಚಕ್ರವರ್ತಿಯ ಆಜ್ಞೆ ತಡೆಯಲಾಗಲಿಲ್ಲ. ಕೊಮೋಡಸ್‌ನನ್ನು ಬಿಟ್ಟುಕೊಡುವುದು ಮಾರ್ಕಸ್‌ನ ಇಚ್ಛೆಗೆ ಮಾತ್ರ ಬಿಟ್ಟ ಸಂಗತಿಯಾಗಿರಲಿಲ್ಲ ಎಂದು ಇದರಿಂದ ತಿಳಿಯುತ್ತದೆ.

ಒಂದೊಂದು ಕಾರಣಕ್ಕೂ ಒಂದೊಂದು ಪರ್ಯಾಯ ಚರಿತ್ರೆ ಹುಟ್ಟಬಹುದಾದರೆ, ರೋಮ್‌ನ ಮಟ್ಟಿಗೆ ಅವುಗಳಿಗೆ ಕೊನೆಯಿಲ್ಲ. ಜರ್ಮನ್ ವಿದ್ವಾಂಸ ಅಲೆಕ್ಸಾಂಡರ್ ಡೆಮಾಂಟ್ ಅವರು 1984ರಲ್ಲಿ ರೋಮ್‌ನ ಪತನಕ್ಕೆ ವಿದ್ವಾಂಸರು ಹೇಳುತ್ತ ಬಂದ 210 ಕಾರಣಗಳನ್ನು ಪಟ್ಟಿಮಾಡಿದರು. ಸೀಸದ ವಿಷ, ಸ್ನಾನಗೃಹಗಳ ವ್ಯಸನ, ಅಧಿಕಾರಿಶಾಹಿ, ಕ್ರೈಸ್ತಧರ್ಮ ಎಲ್ಲವೂ ಅದರಲ್ಲಿವೆ. ಅದೇ ವರ್ಷ, ಘಟಿಸದ ಚರಿತ್ರೆಯನ್ನು ಕುರಿತ ಪುಸ್ತಕವನ್ನೂ ಅವರೇ ಪ್ರಕಟಿಸಿದರು. ಈ ಎರಡು ಕೃತಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅವು ಒಂದೇ ಕೆಲಸದ ಎರಡು ಮುಖಗಳೆಂಬುದು ಗೋಚರವಾಗುತ್ತದೆ.

ಈ ಅಪಾರವಾದ ಸಾಧ್ಯತೆಗಳಿಗೆ ಕಡಿವಾಣ ಹಾಕಲು ಚರಿತ್ರಕಾರರು ಒಪ್ಪಿಕೊಂಡಿರುವ ನಿಯಮವೊಂದಿದೆ: ಬದಲಾವಣೆ ಅತ್ಯಂತ ಕಿರಿದಾಗಿರಬೇಕು, ಉಳಿದದ್ದನ್ನೆಲ್ಲ ಇದ್ದಂತೆಯೇ ಬಿಡಬೇಕು. ಭಾರತೀಯ ಕಥಾಸಾಹಿತ್ಯದಲ್ಲಿ ಇದಕ್ಕೆ ಒಳ್ಳೆಯ ಮಾದರಿಯನ್ನು ಕೊಟ್ಟವರು ಖಗೋಳವಿಜ್ಞಾನಿ ಜಯಂತ ನಾರ್ಳೀಕರ್. 1761ರ ಪಾಣಿಪತ್ ಕಾಳಗವನ್ನು ಕುರಿತ ತಮ್ಮ ಕಥೆಯಲ್ಲಿ ಅವರು ಬದಲಿಸಿದ್ದು, ವಿಶ್ವಾಸರಾಯನಿಗೆ ತಗುಲಿದ ಗುಂಡಿನ ಹಾದಿಯನ್ನು ಮಾತ್ರ.

4

ರೋಮ್‌ನ ವಿಷಯದಲ್ಲಿ ಇಷ್ಟೇ ಕಿರಿದಾದ ಬದಲಾವಣೆಯನ್ನು ಕೇಳುವ ಸಂದರ್ಭ 468ರದು. ವ್ಯಾಂಡಲರ ಅರಸು ಗೈಸರಿಕ್ 439ರಲ್ಲಿ ಕಾರ್ತೇಜ್ ಅನ್ನು ಹಿಡಿದಾಗ, ಪಶ್ಚಿಮ ಸಾಮ್ರಾಜ್ಯ ತನ್ನ ಅತ್ಯಂತ ಸಂಪನ್ನ ಪ್ರಾಂತವನ್ನು ಕಳೆದುಕೊಂಡಿತ್ತು. ರೋಮ್ ನಗರದ ಧಾನ್ಯವೂ ಸೇನೆಯ ಸಂಬಳಕ್ಕೆ ಬೇಕಾದ ತೆರಿಗೆಯೂ ಅಲ್ಲಿಂದಲೇ ಬರುತ್ತಿದ್ದವು. ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ ಮೊದಲನೆಯ ಲಿಯೋ ಅದನ್ನು ಮರಳಿ ಪಡೆಯಲು ಭಾರಿ ನೌಕಾಪಡೆಯೊಂದನ್ನು ಕಳುಹಿಸಿದ. ಅದರ ವೆಚ್ಚ 1,30,000 ಪೌಂಡು ಚಿನ್ನವೆಂದು ಪ್ರೊಕೋಪಿಯಸ್ ಹೇಳುತ್ತಾನೆ. ಇತರ ಆಕರಗಳ ಮೊತ್ತ ಬೇರೆಯಾದರೂ ಬೊಕ್ಕಸ ಬರಿದಾಯಿತೆಂಬುದರಲ್ಲಿ ಭೇದವಿಲ್ಲ. ದಂಡನಾಯಕ ಬ್ಯಾಸಿಲಿಸ್ಕಸ್ ಕಾರ್ತೇಜಿನಿಂದ 280 ಸ್ಟೇಡಿಯ, ಎಂದರೆ ಸುಮಾರು 50 ಕಿಲೋಮೀಟರ್, ದೂರದಲ್ಲಿ ಲಂಗರು ಹಾಕಿದ. ಗೈಸರಿಕ್ ಸಂಧಿಯ ಮಾತಾಡಿ ಐದು ದಿನಗಳ ಬಿಡುವು ಕೇಳಿದ. ಆ ದಿನಗಳಲ್ಲಿ ಗಾಳಿ ಅವನಿಗೆ ಅನುಕೂಲವಾಗಿ ತಿರುಗಿತು. ಬೆಂಕಿ ಹೊತ್ತಿಸಿದ ಹಡಗುಗಳನ್ನು ಗಾಳಿಯೊಡನೆ ತೇಲಿಬಿಟ್ಟಾಗ ರೋಮನ್ ನೌಕಾಪಡೆ ಸುಟ್ಟುಹೋಯಿತು. ಎಂಟು ವರ್ಷಗಳ ನಂತರ, 476ರಲ್ಲಿ, ಒಡೋವಾಕರ್ ಬಾಲಕ ಚಕ್ರವರ್ತಿಯನ್ನು ಕೆಳಗಿಳಿಸಿ ರಾಜಲಾಂಛನಗಳನ್ನು ಕಾನ್‌ಸ್ಟಾಂಟಿನೋಪಲಿಗೆ ಕಳುಹಿಸಿಕೊಟ್ಟ.

ಬ್ಯಾಸಿಲಿಸ್ಕಸ್ ತಡಮಾಡದೆ ನೇರವಾಗಿ ಕಾರ್ತೇಜಿಗೆ ನುಗ್ಗಿದ್ದರೆ ನಗರ ಮೊದಲ ಹೊಡೆತಕ್ಕೇ ವಶವಾಗುತ್ತಿತ್ತು ಎಂದು ಪ್ರೊಕೋಪಿಯಸ್ ತಾನೇ ಅಭಿಪ್ರಾಯಪಟ್ಟಿದ್ದಾನೆ. ಆಧುನಿಕ ಚರಿತ್ರಕಾರರಲ್ಲಿ ಪೀಟರ್ ಹೀದರ್ ಅವರು 2005ರ ತಮ್ಮ ಗ್ರಂಥದಲ್ಲಿ ಈ ದಂಡಯಾತ್ರೆಯನ್ನು ಪಶ್ಚಿಮ ಸಾಮ್ರಾಜ್ಯಕ್ಕಿದ್ದ ಕೊನೆಯ ಅವಕಾಶವೆಂದು ಪರಿಗಣಿಸಿದ್ದಾರೆ. ಆಫ್ರಿಕದ ಆದಾಯ ಮರಳಿದ್ದರೆ ಸೇನೆಗೆ ಸಂಬಳ ಸಿಗುತ್ತಿತ್ತು, ಗಾಲ್ ಮತ್ತು ಸ್ಪೇನುಗಳ ಅರಸರು ಮತ್ತೆ ರೋಮ್‌ನ ಮುಖ ನೋಡುತ್ತಿದ್ದರು ಎಂಬ ತರ್ಕ ದುರ್ಬಲವಾದುದೇನಲ್ಲ.

ಇದಕ್ಕೂ ತಡವಾದ ಪ್ರಯೋಗವಿದೆ; ಅದರ ಸಾಕ್ಷಿಯೂ ಪ್ರೊಕೋಪಿಯಸ್ಸೇ. 533ರಲ್ಲಿ ಜಸ್ಟಿನಿಯನ್ ಕಳುಹಿಸಿದ ಬೆಲಿಸೇರಿಯಸ್‌ನೊಡನೆ ಆತ ಆಫ್ರಿಕಕ್ಕೆ ಪಯಣಿಸಿದ್ದ. ಸೇನೆ 10,000 ಕಾಲಾಳುಗಳು ಮತ್ತು 5,000 ಕುದುರೆ ಸವಾರರದು. 468ಕ್ಕೆ ಹೋಲಿಸಿದರೆ ಅಲ್ಪವೇ. ವ್ಯಾಂಡಲರ ಹಡಗುಗಳೂ 5,000 ಸೈನಿಕರೂ ಸಾರ್ಡಿನಿಯದ ದಂಗೆಯನ್ನು ಅಡಗಿಸಲು ಹೋಗಿದ್ದರು. ಬೆಲಿಸೇರಿಯಸ್ ಸೆಪ್ಟೆಂಬರ್ ತಿಂಗಳಲ್ಲಿ ಕಾರ್ತೇಜನ್ನು ಹೊಕ್ಕ. 534ರಲ್ಲಿ ವ್ಯಾಂಡಲರ ಅರಸು ಶರಣಾದ. ನಗರ ಸುಲಭವಾಗಿ ವಶವಾಗುತ್ತಿತ್ತೆಂಬ ಊಹೆಗೆ ಇದರಿಂದ ಬಲ ಬಂದಿತು. ಮುಂದಿನ ಕೊಂಡಿಯೇ ಕಳಚಿದ್ದು. ತೆರಿಗೆಯನ್ನು ಹೊಸದಾಗಿ ನಿಗದಿಪಡಿಸಲು ಬಂದ ಅಧಿಕಾರಿಗಳ ವಿರುದ್ಧ ಜನ ಸಿಡಿದರು. ವ್ಯಾಂಡಲ್ ಸ್ತ್ರೀಯರನ್ನು ಮದುವೆಯಾದ ಸೈನಿಕರು ಆ ಹೆಂಡತಿಯರ ಜಮೀನುಗಳು ತಮಗೇ ಸೇರಬೇಕೆಂದು 536ರಲ್ಲಿ ಬಂಡೆದ್ದರು. ಮೂರ್ ಬಣಗಳೊಡನೆ ಕಾಳಗ 548ರವರೆಗೂ ಎಳೆಯಿತು. ಆಫ್ರಿಕವನ್ನು ಗೆಲ್ಲುವುದು ಒಂದು ಕ್ರಿಯೆ, ಆಫ್ರಿಕದ ತೆರಿಗೆ ಬೊಕ್ಕಸವನ್ನು ಸೇರುವುದು ಇನ್ನೊಂದು; ಮೊದಲನೆಯದು ಎರಡನೆಯದಕ್ಕೆ ಸಾಕಾದ ಹೇತುವಾಗಿರಲಿಲ್ಲ.

ಇಲ್ಲಿ ಎಚ್ಚರವೂ ಬೇಕು. 468ರಲ್ಲಿ ವ್ಯಾಂಡಲರ ಆಳ್ವಿಕೆಗೆ 29 ವರ್ಷ, 533ರಲ್ಲಿ 94 ವರ್ಷ. ಹಳೆಯ ಭೂದಾಖಲೆಗಳೂ ತೆರಿಗೆ ಕೊಟ್ಟು ರೂಢಿಯಿದ್ದ ಮನೆತನಗಳೂ ಮೊದಲ ಸಂದರ್ಭದಲ್ಲಿ ಹೆಚ್ಚು ಉಳಿದಿದ್ದಿರಬೇಕು. ಆದ್ದರಿಂದ ಹೀದರ್ ಅವರ ವಾದವನ್ನು ಈ ಪ್ರಯೋಗ ಅಲ್ಲಗಳೆಯುವುದಿಲ್ಲ. ಸಾಬೀತುಪಡಿಸಬೇಕಾದ ಕೊಂಡಿ ಯಾವುದೆಂಬುದನ್ನು ತೋರಿಸಿಕೊಡುತ್ತದೆ. ಗಾಳಿಯನ್ನು ತಿರುಗಿಸಿದ ಮೇಲೂ ಉಳಿಯುವ ಮತ್ತೊಂದು ತೊಡಕೆಂದರೆ ಇಟಲಿಯ ಒಳಜಗಳ. ಪಶ್ಚಿಮದ ಚಕ್ರವರ್ತಿ ಆಂಥೇಮಿಯಸ್ ಮತ್ತು ಸೇನಾಧಿಪತಿ ರಿಸಿಮರ್ ಪರಸ್ಪರ ಕಾದಾಡಿ, 472ರಲ್ಲಿ ಚಕ್ರವರ್ತಿ ಹತನಾದ. ಆಫ್ರಿಕದ ಚಿನ್ನ ಬಂದಿದ್ದರೆ ಇಬ್ಬರ ನಡುವೆ ಯಾರ ಕೈ ಸೇರುತ್ತಿತ್ತು?

5

ಕಾದಂಬರಿಕಾರರು ಚರಿತ್ರಕಾರರಿಗಿಂತ ಮುಂದೆ ಹೋಗಿರುವ ಉದಾಹರಣೆಯೂ ಇದೇ ಕಾಲಕ್ಕೆ ಸಂಬಂಧಿಸಿದೆ. ಅಮೆರಿಕದ ಲೇಖಕ ಎಲ್. ಸ್ಪ್ರೇಗ್ ಡಿ ಕ್ಯಾಂಪ್ ಅವರ ‘ಲೆಸ್ಟ್ ಡಾರ್ಕ್‌ನೆಸ್ ಫಾಲ್’ 1939ರಲ್ಲಿ ಪತ್ರಿಕೆಯಲ್ಲಿಯೂ 1941ರಲ್ಲಿ ಪುಸ್ತಕವಾಗಿಯೂ ಬಂದಿತು. ಸಿಡಿಲಿಗೆ ಸಿಕ್ಕ ಪುರಾತತ್ತ್ವಜ್ಞನೊಬ್ಬ 535ರ ರೋಮ್‌ಗೆ ಜಾರಿಬೀಳುತ್ತಾನೆ; ಬ್ರಾಂದಿ ಬಟ್ಟಿಯಿಳಿಸುವುದರಿಂದ ಆರಂಭಿಸಿ, ಜಮಾಖರ್ಚಿನ ಹೊಸ ಪದ್ಧತಿ, ಮುದ್ರಣಯಂತ್ರ, ದೂರಸಂಕೇತದ ಗೋಪುರಗಳವರೆಗೆ ಸಾಗುತ್ತಾನೆ. ಯಂತ್ರಗಳ ಕಥೆಗಿಂತ ಮುಖ್ಯವಾದುದು ಅದರ ರಾಜಕೀಯ ತಿರುವು. ರೋಮ್‌ನ ನಾಗರಿಕತೆಯನ್ನು ಉಳಿಸಲು ನಾಯಕ ಮಾಡಬೇಕಾಗಿ ಬರುವ ಕೆಲಸವೆಂದರೆ, ಆಳುತ್ತಿದ್ದ ಆಸ್ಟ್ರೊಗಾತರ ಪಕ್ಷವಹಿಸಿ ರೋಮನ್ ಸಾಮ್ರಾಜ್ಯದ ಸೇನೆಯನ್ನೇ ಸೋಲಿಸುವುದು. ವಾಸ್ತವದಲ್ಲಿ 535ರಿಂದ 554ರವರೆಗೆ ನಡೆದ ಜಸ್ಟಿನಿಯನ್‌ನ ಯುದ್ಧ ಇಟಲಿಯನ್ನು ಧ್ವಂಸಮಾಡಿತು. 537ರ ಮುತ್ತಿಗೆಯಲ್ಲಿ ರೋಮ್‌ನ ಮೇಲ್ಗಾಲುವೆಗಳನ್ನು ಗಾತರು ಕಡಿದರು; ನಗರ ಹಲವು ಬಾರಿ ಕೈ ಬದಲಾಯಿಸಿತು. 568ರಲ್ಲಿ ಲೊಂಬಾರ್ಡರು ಬಂದಾಗ ತಡೆಯಲು ಹೆಚ್ಚೇನೂ ಉಳಿದಿರಲಿಲ್ಲ. ಸಾಮ್ರಾಜ್ಯದ ಉಳಿವು ಮತ್ತು ಅದು ಸಾಕಿದ ನಗರಜೀವನದ ಉಳಿವು ಒಂದೇ ಅಲ್ಲ, ಕೆಲವೊಮ್ಮೆ ಒಂದಕ್ಕೊಂದು ಎದುರಾಗಿಯೂ ನಿಲ್ಲುತ್ತವೆ ಎಂಬ ತಿಳಿವನ್ನು ಈ ಜನಪ್ರಿಯ ಕಾದಂಬರಿ ಹಲವು ವಿದ್ವತ್ ಗ್ರಂಥಗಳಿಗಿಂತ ನೇರವಾಗಿ ಕಾಣಿಸಿದೆ.

ವಾಲ್ಟರ್ ಶೈಡೆಲ್ ಅವರ 2019ರ ‘ಎಸ್ಕೇಪ್ ಫ್ರಮ್ ರೋಮ್’ ಈ ತಿಳಿವನ್ನು ಬೃಹತ್ ಪ್ರಮಾಣದಲ್ಲಿ ಬೆಳೆಸಿದೆ. ಜಸ್ಟಿನಿಯನ್, ಅರಬರು, ಷಾರ್ಲಮೇನ್, ಮಂಗೋಲರು, ಹ್ಯಾಬ್ಸ್‌ಬರ್ಗ್ ಅರಸರು ಹೀಗೆ ಯುರೋಪಿನಲ್ಲಿ ಮತ್ತೆ ಏಕಸಾಮ್ರಾಜ್ಯ ಏಳಬಹುದಾಗಿದ್ದ ಸಂದರ್ಭಗಳನ್ನು ಅವರು ಒಂದೊಂದಾಗಿ ಪರೀಕ್ಷಿಸಿ, ಕಿರಿದಾದ ಬದಲಾವಣೆಯಿಂದ ಯಾವುದೂ ಸಾಧ್ಯವಾಗುತ್ತಿರಲಿಲ್ಲವೆಂದು ತೀರ್ಮಾನಿಸುತ್ತಾರೆ. ಅವರ ತೌಲನಿಕ ಆಧಾರ ಚೀನ. 220ರಲ್ಲಿ ಹಾನ್ ಸಾಮ್ರಾಜ್ಯ ಮುಗಿದ ಮೇಲೆ ಚೀನವೂ ಒಡೆಯಿತು. ಆದರೆ 589ರಲ್ಲಿ ಸುಯ್ ಅರಸರು ಅದನ್ನು ಮತ್ತೆ ಒಂದುಗೂಡಿಸಿದರು. ಜನರನ್ನೂ ಜಮೀನನ್ನೂ ಎಣಿಸಿ ತೆರಿಗೆ ಎತ್ತುವ ವ್ಯವಸ್ಥೆ ಅಲ್ಲಿ ಒಡಕಿನ ಕಾಲದಲ್ಲಿಯೂ ಮತ್ತೆ ಚಿಗುರಿತು. ಪಶ್ಚಿಮ ಯುರೋಪಿನಲ್ಲಿ ಅದು ಬತ್ತಿಹೋಯಿತು. ರೋಮ್‌ನ ಅಳಿವೇ ಯುರೋಪಿನ ಮುಂದಿನ ಏಳಿಗೆಗೆ ದಾರಿಯಾಯಿತೆಂಬ ಅವರ ಮುಂದಿನ ಹೆಜ್ಜೆಯನ್ನು ಒಪ್ಪದವರಿದ್ದಾರೆ. ಆ ಏಳಿಗೆಯ ಬೆಲೆಯನ್ನು ವಸಾಹತುಗಳು ತೆತ್ತವು ಎಂಬುದನ್ನು ಈ ನಾಡಿನ ಓದುಗರು ಬದಿಗಿಡುವಂತಿಲ್ಲ. ಆದರೂ ತೆರಿಗೆ ವ್ಯವಸ್ಥೆಯನ್ನು ಕುರಿತ ಭಾಗ, 468ರ ಪ್ರಶ್ನೆಯಲ್ಲಿ ಕಳಚಿದ ಕೊಂಡಿಗೆ ನೇರವಾಗಿ ತಾಗುತ್ತದೆ.

6

ಕನ್ನಡದ ಚರಿತ್ರೆ ಹಾಗೂ ಸಾಹಿತ್ಯದ ಬರಹಗಳಲ್ಲಿ ‘ಆಗಿದ್ದರೆ’ ಎಂಬುದು ಹೆಚ್ಚಾಗಿ ಸುಳಿಯುವುದು 1565ರ ಸುತ್ತ. ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ (1917) ಬಂದ ಕಾಲದಲ್ಲಿ, ಹರಿದು ಹಂಚಿಹೋಗಿದ್ದ ನಾಡಿಗೆ ವಿಜಯನಗರದ ಸ್ಮರಣೆ ಅಗತ್ಯವಾಗಿತ್ತು. ಆ ಅಗತ್ಯ ತೀರಿದ ಮೇಲೂ, ರಕ್ಕಸಗಿ–ತಂಗಡಗಿಯ ಕಾಳಗವನ್ನು ರಾಮರಾಯ ಗೆದ್ದಿದ್ದರೆ ಸಾಮ್ರಾಜ್ಯ ಉಳಿಯುತ್ತಿತ್ತು ಎಂಬ ವಾಕ್ಯ ಪರೀಕ್ಷೆಯಿಲ್ಲದೆ ಸಾಗಿಬಂದಿದೆ. ಇಲ್ಲಿಯೂ ಕೇಳಬೇಕಾದದ್ದು ಹೇತುವನ್ನೇ.

ವಿಜಯನಗರದ ಪಟ್ಟಣ 1565ರ ನಂತರ ಹಾಳಾಯಿತು, ಸಾಮ್ರಾಜ್ಯ ಹಾಳಾಗಲಿಲ್ಲ. ತಿರುಮಲರಾಯ ಪೆನುಗೊಂಡೆಯಿಂದ ಆಳ್ವಿಕೆಯನ್ನು ಮುಂದುವರಿಸಿದ. 1586ರಿಂದ 1614ರವರೆಗೆ ಆಳಿದ ಇಮ್ಮಡಿ ವೆಂಕಟಪತಿರಾಯ ಕಳೆದುಹೋದ ಸೀಮೆಗಳಲ್ಲಿ ಹಲವನ್ನು ಮರಳಿ ಪಡೆದು, ಚಂದ್ರಗಿರಿಯನ್ನು ರಾಜಧಾನಿಯನ್ನಾಗಿ ಮಾಡಿಕೊಂಡ. ಸೋತ ಮೇಲೂ ಸಾಮ್ರಾಜ್ಯ ಹೇಗಿರುತ್ತದೆ ಎಂಬ ಪ್ರಯೋಗ ಹೀಗೆ ಅರ್ಧ ಶತಮಾನ ನಡೆಯಿತು. ಗೆದ್ದಿದ್ದರೂ ಉಳಿಯುತ್ತಿದ್ದ ತೊಡಕುಗಳು ಯಾವುವೆಂಬುದು ಅಲ್ಲಿ ಕಾಣಿಸುತ್ತವೆ. ಪಟ್ಟದ ಹಕ್ಕಿನ ಪ್ರಶ್ನೆ 1485ರಲ್ಲಿ ಸಾಳುವ ನರಸಿಂಹ, 1505ರಲ್ಲಿ ತುಳುವ ವೀರನರಸಿಂಹ ಅಧಿಕಾರವನ್ನು ಹಿಡಿದಾಗಲೂ, 1542ರಲ್ಲಿ ಅಚ್ಯುತರಾಯ ತೀರಿಕೊಂಡಾಗಲೂ ಎದ್ದಿತ್ತು. ಸದಾಶಿವರಾಯನ ಹೆಸರಿನಲ್ಲಿ ರಾಮರಾಯ ಆಳುತ್ತಿದ್ದುದೇ ಆ ಪ್ರಶ್ನೆ ತೀರದಿದ್ದುದರಿಂದ. ನಾಯಕರ ಸ್ವಾಯತ್ತತೆಯದು ಇನ್ನೊಂದು ತೊಡಕು. 1610ರಲ್ಲಿ ಶ್ರೀರಂಗಪಟ್ಟಣವನ್ನು ಸಾಮ್ರಾಜ್ಯದ ಪ್ರತಿನಿಧಿಯಿಂದ ವಶಪಡಿಸಿಕೊಂಡವನು ಮೈಸೂರಿನ ರಾಜ ಒಡೆಯ.

ಕಾಳಗ ನಿಷ್ಫಲವಾಗಿತ್ತು ಎಂದು ಇದರಿಂದ ಸಾಧಿಸಲಾಗದು. ರಾಮರಾಯ ಗೆದ್ದಿದ್ದರೆ ತುಂಗಭದ್ರೆಯ ದಡದ ಪಟ್ಟಣ ಬಹುಶಃ ಉಳಿಯುತ್ತಿತ್ತು. ಉತ್ತರದ ಗಡಿ ಬೇರೆಯಾಗಿರುತ್ತಿತ್ತು. ಪಟ್ಟಣದ ಪ್ರಶ್ನೆಗೆ ಕಾಳಗ ನೇರ ಹೇತು, ಸಾಮ್ರಾಜ್ಯದ ಪ್ರಶ್ನೆಗೆ ಹಲವು ಹೇತುಗಳಲ್ಲಿ ಒಂದು. ಹಂಪಿಯ ಅವಶೇಷಗಳನ್ನು ಕಂಡವರ ಬರಹಗಳಲ್ಲಿ ಈ ಎರಡೂ ಬೆರೆತುಹೋಗಿವೆ. ವೆಂಕಟಪತಿರಾಯನ ಮರಣಾನಂತರ ಹೊಸ ಅರಸನ ಕುಟುಂಬವನ್ನು ಜಗ್ಗರಾಯ ಕೊಲ್ಲಿಸಿದ. ಬದುಕುಳಿದ ಬಾಲಕ ರಾಮದೇವನ ಹಕ್ಕಿಗಾಗಿ ಯಾಚಮ ನಾಯಕ ನಿಂತ. ಕೊನೆಗೆ ಕಾವೇರಿಯ ಬಳಿ ತೋಪೂರಿನಲ್ಲಿ ಕಾಳಗವಾದಾಗ ಬಿಜಾಪುರವಾಗಲಿ ಗೋಲ್ಕೊಂಡವಾಗಲಿ ಅಲ್ಲಿರಲಿಲ್ಲ; ಒಂದು ಕಡೆ ತಂಜಾವೂರಿನ ರಘುನಾಥ ನಾಯಕ, ಇನ್ನೊಂದು ಕಡೆ ಮಧುರೆ ಮತ್ತು ಜಿಂಜಿಯ ನಾಯಕರು ನಿಂತಿದ್ದರು.